ತೂಕ ಇಳಿಸೋ ಆಪರೇಷನ್‌ಗೆ ಮುನ್ನ ಮನಸ್ಸಿನ ತಪಾಸಣೆ ಯಾಕೆ?
"ಹೊಟ್ಟೆ ಆಪರೇಷನ್‌ಗೆ ಬಂದ್ರೆ ಮನೋವೈದ್ಯರ ಹತ್ರ ಯಾಕೆ ಕಳಿಸ್ತಾರೆ, ನನಗೇನು ಹುಚ್ಚಾ?" ಬೇರಿಯಾಟ್ರಿಕ್ ಸರ್ಜರಿಗೆ ಹೋದ ಹಲವರ ಪ್ರಶ್ನೆ ಇದು. ಹುಚ್ಚು ಹುಡುಕೋ ಪರೀಕ್ಷೆ ಇದಲ್ಲ. ಬೇಜಾರಾದಾಗ ತಿನ್ನುವ ಅಭ್ಯಾಸ ಇದೆಯಾ, ರಾತ್ರಿ ಎದ್ದು ತಿಂತೀರಾ, ಖಿನ್ನತೆಗೆ ಮಾತ್ರೆ ನಡೀತಿದೆಯಾ, ಮನೆಯಲ್ಲಿ ಯಾರು ಜೊತೆಗಿರ್ತಾರೆ ಅಂತ ಕೇಳ್ತಾರೆ.

ಕುಡಿತದ ವಿಷಯ ಮಾತ್ರ ಮುಚ್ಚಿಡಬಾರದು. ಗ್ಯಾಸ್ಟ್ರಿಕ್ ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಮೊದಲಿನಷ್ಟೇ ಕುಡಿದರೂ ನಶೆ ಜಾಸ್ತಿ, ಚಟಕ್ಕೆ ಬೀಳುವ ಅಪಾಯವೂ ಜಾಸ್ತಿ. ಖಿನ್ನತೆಯ ಮಾತ್ರೆಗಳ ಪ್ರಮಾಣ ಬದಲಿಸಬೇಕಾಗಿಯೂ ಬರಬಹುದು.

ಪಾಸು, ಫೇಲು ಅಂತೇನಿಲ್ಲ. ತೊಂದರೆ ಕಂಡರೆ ಸಾಮಾನ್ಯವಾಗಿ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಆಪರೇಷನ್. ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಅದನ್ನ ಬಿಡದೆ ನುಂಗ್ತೀರಾ ಅನ್ನೋದನ್ನೂ ಇಲ್ಲೇ ಅಂದಾಜು ಮಾಡ್ತಾರೆ.