ಎಡಿಟರಿನೊಳಗೇ ಓಡುವ ಕೋಡ್

ಎಂಐಟಿಯ ಪಿಡಿಪಿ-1 ಕಂಪ್ಯೂಟರಿಗಾಗಿ 1960ರ ದಶಕದ ಆರಂಭದಲ್ಲಿ ಡ್ಯಾನ್ ಮರ್ಫಿ ಬರೆದ ಎಡಿಟರಿನ ಹೆಸರು ಟೆಕೋ. ತೂತು ಕೊರೆದ ಕಾಗದದ ಪಟ್ಟಿಗಳನ್ನು ತಿದ್ದಲು ಹುಟ್ಟಿದ ಸಾಧನವದು. ಅದರ ಆಜ್ಞೆಗಳೆಲ್ಲ ಒಂದೆರಡು ಅಕ್ಷರದವು, ಹೊಸಬರಿಗೆ ತಲೆಬುಡ ತಿಳಿಯದಂಥವು. ಆದರೂ ಅದರಲ್ಲೊಂದು ಅಪರೂಪದ ಗುಣವಿತ್ತು. ಕ್ಯೂ-ರಿಜಿಸ್ಟರ್ ಎಂಬ ಖಾನೆಯಲ್ಲಿ ಇಟ್ಟ ಪಠ್ಯವನ್ನು ಬೇಕೆಂದಾಗ ಆಜ್ಞೆಯಾಗಿ, ಅಂದರೆ ಮ್ಯಾಕ್ರೋ ಆಗಿ, ಓಡಿಸಬಹುದಿತ್ತು.

1974ರಲ್ಲಿ ಎಂಐಟಿಯ ಎಐ ಲ್ಯಾಬಿನಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಯಾವ ಕೀ ಒತ್ತಿದರೆ ಯಾವ ಟೆಕೋ ಮ್ಯಾಕ್ರೋ ಓಡಬೇಕೆಂದು ಬಳಕೆದಾರರೇ ನಿರ್ಧರಿಸುವ ಅನುಕೂಲ ಮಾಡಿಕೊಟ್ಟರು. ಲ್ಯಾಬಿನಲ್ಲಿ ಮ್ಯಾಕ್ರೋಗಳ ಸಂಗ್ರಹಗಳು ತಲೆಗೊಂದರಂತೆ ಬೆಳೆದವು. 1976ರಲ್ಲಿ ಗೈ ಸ್ಟೀಲ್ ಅವನ್ನು ಒಂದುಗೂಡಿಸಲು ಕೈಹಾಕಿದರು, ಸ್ಟಾಲ್ಮನ್ ಮುಂದುವರಿಸಿದರು. ಅದೇ ಈಮ್ಯಾಕ್ಸ್.

ದೊಡ್ಡ ತಿರುವು ಬಂದದ್ದು 1978ರಲ್ಲಿ, ಹನಿವೆಲ್‌ನ ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ವ್ಯವಸ್ಥೆಗಾಗಿ ಈಮ್ಯಾಕ್ಸನ್ನು ಲಿಸ್ಪ್ ಭಾಷೆಯಲ್ಲಿ ಬರೆದಾಗ. ಎಡಿಟರ್ ಬರೆದ ಭಾಷೆಯೂ ಅದನ್ನು ಹಿಗ್ಗಿಸುವ ಭಾಷೆಯೂ ಒಂದೇ ಆಯಿತು. ಗ್ರೀನ್‌ಬರ್ಗ್ ಅವರ ಕಚೇರಿಯ ಕಾರ್ಯದರ್ಶಿಗಳೂ ಹೊಸ ಆಜ್ಞೆಗಳನ್ನು ಬರೆಯಲು ಕಲಿತ ಸಂಗತಿಯನ್ನು ಸ್ಟಾಲ್ಮನ್ ಹೇಳಿದ್ದಾರೆ. ಆ ಕಾರ್ಯದರ್ಶಿಗಳ ಕೈಗೆ ಕೊಟ್ಟ ಕೈಪಿಡಿಯಲ್ಲಿ ಇದು ಪ್ರೋಗ್ರಾಮಿಂಗ್ ಎಂದು ಎಲ್ಲೂ ಬರೆದಿರಲಿಲ್ಲವಂತೆ! ತಮ್ಮಿಂದ ಪ್ರೋಗ್ರಾಮ್ ಬರೆಯಲಾಗದು ಎಂದು ನಂಬಿದ್ದವರು ಅಂಜದೆ ಬರೆದರು. ಈಮ್ಯಾಕ್ಸಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಪ್ರಸಂಗ ಇನ್ನೊಂದಿಲ್ಲ.

1981ರಲ್ಲಿ ಜೇಮ್ಸ್ ಗೋಸ್ಲಿಂಗ್ ಯುನಿಕ್ಸ್‌ಗಾಗಿ ಸಿ ಭಾಷೆಯಲ್ಲಿ ಬರೆದ ಈಮ್ಯಾಕ್ಸ್‌ನಲ್ಲಿದ್ದದ್ದು ಮಾಕ್‌ಲಿಸ್ಪ್; ನೋಟಕ್ಕೆ ಲಿಸ್ಪ್, ಒಳಗೆ ಅದರ ಕಸುವಿಲ್ಲ. 1984ರಲ್ಲಿ ಗ್ನೂ ಈಮ್ಯಾಕ್ಸ್ ಆರಂಭಿಸಿದ ಸ್ಟಾಲ್ಮನ್ ಇದನ್ನು ಒಪ್ಪಲಿಲ್ಲ. ತಳದಲ್ಲಿ ಸಿ ಇಟ್ಟು, ಅದರ ಮೇಲೆ ನಿಜವಾದ ಲಿಸ್ಪ್ ಇಂಟರ್‌ಪ್ರಿಟರನ್ನೇ ಕೂರಿಸಿದರು. 1985ರಲ್ಲಿ ಅದು ಹೊರಬಂತು.

ಇಂದಿಗೂ ಅದರ ಬಳಕೆ ಸರಳ. ಕರ್ಸರನ್ನು ಲಿಸ್ಪ್ ಕೋಡಿನ ಮುಚ್ಚುವ ಆವರಣದ ಆಚೆಗಿಟ್ಟು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿದರೆ ಉತ್ತರ ಪರದೆಯ ಕೆಳಸಾಲಿನಲ್ಲಿ ಮೂಡುತ್ತದೆ. ಅಲ್ಲಿರುವುದು ಎಡಿಟರಿನದೇ ಫಂಕ್ಷನ್ ಆಗಿದ್ದರೆ, ಹಳೆಯದು ಹೋಗಿ ಹೊಸದು ಆ ಕ್ಷಣದಿಂದಲೇ ಜಾರಿಗೆ ಬರುತ್ತದೆ. ಎಡಿಟರನ್ನು ಮುಚ್ಚಿ ತೆರೆಯಬೇಕಿಲ್ಲ. ಪ್ರಯೋಗಕ್ಕೆಂದೇ ಸ್ಕ್ರ್ಯಾಚ್ ಎಂಬ ಬಫರ್ ಕಾದಿರುತ್ತದೆ.

ಈ ಅನುಕೂಲ ಲಿಸ್ಪ್‌ಗಷ್ಟೇ ಉಳಿಯಲಿಲ್ಲ. ಖಗೋಳಶಾಸ್ತ್ರಜ್ಞ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ, ಈಮ್ಯಾಕ್ಸಿನೊಳಗೆ ಟಿಪ್ಪಣಿ ಬರೆಯುವ ಆರ್ಗ್-ಮೋಡ್‌ಗೆ ಮುಂದೆ ಬೇಬೆಲ್ ಎಂಬ ಸೌಲಭ್ಯ ಸೇರಿತು. ಅದರಿಂದ ಟಿಪ್ಪಣಿಯ ನಡುವೆ ಬರೆದ ಪೈಥಾನ್, ಆರ್ ಅಥವಾ ಶೆಲ್ ಕೋಡನ್ನು ಅಲ್ಲೇ ಓಡಿಸಬಹುದು. ಫಲಿತಾಂಶ ಅದರ ಕೆಳಗೇ ಬಂದು ಕೂರುತ್ತದೆ.