ಬೆಂಗಳೂರಿನ ಹೆಸರಿನ ಗೊಬ್ಬರ

ಕಸದಿಂದ ಗೊಬ್ಬರ ಮಾಡುವ ಒಂದು ವಿಧಾನಕ್ಕೆ ಜಗತ್ತಿನ ಕೃಷಿ ಪುಸ್ತಕಗಳಲ್ಲಿ 'ಬೆಂಗಳೂರು ಪದ್ಧತಿ' ಎಂಬ ಹೆಸರಿದೆ. ಕಸವನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ ಬೀದಿಯಲ್ಲೇ ಗುಡ್ಡೆ ಹಾಕಿಕೊಂಡ ಊರಿನ ಹೆಸರೂ ಅದೇ.

ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ತಮ್ಮ ಗೊಬ್ಬರದ ಪ್ರಯೋಗಗಳನ್ನು 1931ರಲ್ಲಿ ಪುಸ್ತಕವಾಗಿ ತಂದರು. ಅವರ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿ ಹಾಕಬೇಕು, ನೀರು ಚಿಮುಕಿಸಬೇಕು. ಆಳು ಬೇಕು, ನೀರೂ ಬೇಕು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯರು 1939ರಲ್ಲಿ ಬೇರೆ ದಾರಿ ಹಿಡಿದರು. ಸುಮಾರು ಒಂದು ಮೀಟರ್ ಆಳದ ಗುಂಡಿ. ಒಂದು ಪದರ ಊರ ಕಸ, ಒಂದು ಪದರ ಮಲ. ತುಂಬಿ ಕುಸಿದ ಮೇಲೆ ಮತ್ತಷ್ಟು ಹಾಕಿ, ನೊಣ ಬಾರದಂತೆ ಮೇಲೆ ಕೆಸರು ಮೆತ್ತುವುದು. ತಿರುವುವ ಗೋಜಿಲ್ಲ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ನಮ್ಮ ರೈತರ ತಿಪ್ಪೆಗುಂಡಿಯನ್ನೇ ವಿಜ್ಞಾನ ಹೀಗೆ ಪಟ್ಟಣಕ್ಕೆ ಕರೆತಂದಿತು ಎನ್ನಬಹುದು.

ಆದರೆ ಆ ಮಲ ಗುಂಡಿಯವರೆಗೆ ಹೇಗೆ ಬರುತ್ತಿತ್ತು? ಮನುಷ್ಯರ ತಲೆಯ ಮೇಲೆ. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದರು. 'ಬೂಸಾ' ಗದ್ದಲದಲ್ಲಿ ಅವರನ್ನು ಬೈದವರಿಗೆ ಈ ಕೆಲಸ ಅಷ್ಟಾಗಿ ನೆನಪಿಲ್ಲ. ಆದ್ದರಿಂದ ಹಳೆಯ ಪದ್ಧತಿ ಹಾಗೆಯೇ ಮರಳಿ ಬರಲಿ ಎಂದು ನಾವು ಹೇಳಲಾರೆವು. ಅಡುಗೆಮನೆಯ ಪಾಲನ್ನು ಮಾತ್ರ ಉಳಿಸಿಕೊಳ್ಳಬಹುದು. ತೂತು ಕೊರೆದ ಮಡಕೆಯಲ್ಲಿ ತರಕಾರಿ ಸಿಪ್ಪೆ, ಅದರ ಮೇಲೆ ಒಣ ಎಲೆ, ಒಂದು ಹಿಡಿ ಮಣ್ಣು, ವಾರಕ್ಕೊಮ್ಮೆ ಕೆದಕುವುದು. ಪದರ ಆಚಾರ್ಯರದು, ಕೆದಕುವುದು ಹೋವರ್ಡರದು.

ಉಳಿದದ್ದಕ್ಕೆ ಗುಜರಿಯವರಿದ್ದಾರೆ. ಹಳೆ ಪೇಪರಿಗೆ ನಾವು ರದ್ದಿ ಎನ್ನುತ್ತೇವೆ. ರದ್ದಿ, ರದ್ದು ಎರಡಕ್ಕೂ ಬೇರು ಅರಬಿಯ 'ರದ್ದ್'. ಅದಕ್ಕೆ ತಳ್ಳಿಹಾಕುವುದು ಎಂಬಂತೆ ಮರಳಿಸುವುದು ಎಂಬ ಅರ್ಥವೂ ಉಂಟು. ನಮ್ಮ ಎಷ್ಟೋ ಬಡ ಮೊಹಲ್ಲಾಗಳ ಒಲೆ ಉರಿಯುವುದು ಈ ಎರಡನೇ ಅರ್ಥದಿಂದ. ಆದರೂ ಮದುವೆ ಮಾತುಕತೆಯಲ್ಲಿ ಹುಡುಗನದು ಗುಜರಿ ಅಂಗಡಿ ಎಂದರೆ ನಮ್ಮವರೇ ಮುಖ ತಿರುಗಿಸುತ್ತಾರೆ.

ಮನೆಯಲ್ಲಿ ಬೇರೆ ಮಾಡದೆ ಬೆರೆಸಿ ಕೊಟ್ಟದ್ದು ಗೊಬ್ಬರವೂ ಆಗಲಿಲ್ಲ, ಗುಜರಿಗೂ ಹೋಗಲಿಲ್ಲ. ಅದು ಲಾರಿಗಳಲ್ಲಿ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ಬೆಂಗಳೂರಿನ ಬೀದಿಗಳು ನಾರಿದವು. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟ್ ಹೇಳಬೇಕಾಯಿತು. 2014ರಲ್ಲಿ ಮಂಡೂರಿನ ಜನ ರಸ್ತೆಗೆ ಇಳಿದು ಲಾರಿಗಳನ್ನು ತಡೆದರು. ಅವರ ನೀರನ್ನು ಕೆಡಿಸಿದ ಆ ಗುಡ್ಡದಲ್ಲಿ ನಮ್ಮ ಶಾದಿಮಹಲ್‌ಗಳ ಬಿರಿಯಾನಿಯೂ ಇತ್ತು, ಪ್ಲಾಸ್ಟಿಕ್ ತಟ್ಟೆಯ ಸಮೇತ.