ಬೀಗ ತೆರೆದ ದಫ್ತರ

ಸಂಜೆಯ ಹೊತ್ತು ರೇಡಿಯೋದ ಗುಂಡಿ ತಿರುಗಿಸಿ ಬೇಕಾದ ನಿಲಯವನ್ನು ಹಿಡಿಯುತ್ತೇವೆ. ಹತ್ತಾರು ಅಲೆಗಳ ನಡುವೆ ಒಂದನ್ನೇ ಆರಿಸಿಕೊಳ್ಳುವ ಈ ಉಪಾಯ ಯಾರದು? 1943ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಈ ಬಗೆಯ ವ್ಯಾಜ್ಯವೊಂದರಲ್ಲಿ ಮಾರ್ಕೋನಿಯ ಪೇಟೆಂಟಿನ ಮುಖ್ಯ ಹಕ್ಕುಗಳನ್ನು ತಳ್ಳಿಹಾಕಿತು. ರೇಡಿಯೋವನ್ನು ಕಂಡುಹಿಡಿದವರು ಯಾರೆಂಬ ತೀರ್ಪು ಅದಲ್ಲ. ಆದರೆ ಲಾಜ್, ಟೆಸ್ಲಾ, ಸ್ಟೋನ್ ಇವರು ಅದಕ್ಕೂ ಮೊದಲೇ ದಾಖಲು ಮಾಡಿದ್ದ ಹಳೆಯ ಕಾಗದಗಳು ಅಲ್ಲಿ ಸಾಕ್ಷಿ ನುಡಿದವು.

ಹಳೆಯ ಕಾಗದ ಹೀಗೆ ಬೇಕೆಂದಾಗ ಕೈಗೆ ಸಿಗುವ ಏರ್ಪಾಡು ತಾನಾಗಿ ಬಂದುದಲ್ಲ. ಪೇಟೆಂಟ್ ಎಂಬುದು ಒಂದು ಕರಾರು. ಹೊಸದನ್ನು ಕಂಡುಹಿಡಿದವನಿಗೆ ಸರ್ಕಾರ ಕೆಲವು ವರ್ಷ ಏಕಸ್ವಾಮ್ಯ ಕೊಡುತ್ತದೆ; ಅವನು ತನ್ನ ಗುಟ್ಟನ್ನು ಬರೆದು ಲೋಕಕ್ಕೆ ಒಪ್ಪಿಸಬೇಕು. ಇಂಗ್ಲೆಂಡಿನಲ್ಲಿ 1852ರವರೆಗೆ ಈ ಎರಡನೆಯ ಮಾತು ಹೆಸರಿಗೆ ಮಾತ್ರ ಇತ್ತು. ವಿವರಣೆಗಳು ಲಂಡನ್ನಿನ ಮೂರು ಬೇರೆ ಬೇರೆ ಕಚೇರಿಗಳಲ್ಲಿ, ಕೈಬರಹದ ಚರ್ಮದ ಸುರುಳಿಗಳಲ್ಲಿ ಮುದುರಿ ಕುಳಿತಿದ್ದವು. ನೋಡಬೇಕೆಂದರೆ ಹಣ ತೆರಬೇಕು. ಎಲ್ಲಿ ಹುಡುಕಬೇಕೆಂದು ಹೇಳುವ ಅಚ್ಚಿನ ಸೂಚಿಯೂ ಇಲ್ಲ. ಬಡ ಕುಶಲಕರ್ಮಿಯೊಬ್ಬ ವರ್ಷಗಟ್ಟಲೆ ದುಡಿದು, ಕೈಯಲ್ಲಿದ್ದುದನ್ನೆಲ್ಲ ಸುರಿದು, ಕಡೆಗೆ ತನ್ನ ಯಂತ್ರ ಎಂದೋ ಇನ್ನೊಬ್ಬನ ಹೆಸರಿಗೆ ಬರೆದಾಗಿದೆಯೆಂದು ತಿಳಿದರೆ ಅವನ ಗತಿಯೇನು?

ಈ ಸಂಕಟವನ್ನು ಬಲ್ಲವನು ಬೆನೆಟ್ ವುಡ್‌ಕ್ರಾಫ್ಟ್. ನೇಯ್ಗೆಯ ಕಸುಬನ್ನು ಅರಿತವನು, ಹಡಗಿನ ಚಾಲಕಚಕ್ರವನ್ನು ಸುಧಾರಿಸಿ ತಾನೂ ಪೇಟೆಂಟ್ ಪಡೆದವನು. 1852ರಲ್ಲಿ ಹೊಸ ಕಾನೂನು ಬಂದು ಲಂಡನ್ನಿನಲ್ಲಿ ಒಂದೇ ಪೇಟೆಂಟ್ ಕಚೇರಿ ಏರ್ಪಟ್ಟಾಗ, ದಾಖಲೆಗಳ ಮೇಲ್ವಿಚಾರಣೆ ಈತನ ಪಾಲಿಗೆ ಬಂತು. 1617ರಿಂದ ಅಂದಿನವರೆಗಿನ ಹಕ್ಕುಪತ್ರಗಳಿಗೆ ಈತ ಒಂದೊಂದಾಗಿ ಸಂಖ್ಯೆ ಕೊಟ್ಟ. ಎಣಿಕೆ 14,359ಕ್ಕೆ ಮುಟ್ಟಿತು. ಮೊದಲನೆಯದು ನಕ್ಷೆಗಳನ್ನು ಕೆತ್ತಿ ಅಚ್ಚಿಸುವ ಹಕ್ಕು. ಕಾಲಕ್ರಮಕ್ಕೆ ಒಂದು, ಹೆಸರಿಗೆ ಒಂದು, ವಿಷಯಕ್ಕೆ ಒಂದು ಎಂದು ಸೂಚಿಗಳನ್ನು ಹೊರತಂದ. ವಿವರಣೆಗಳನ್ನೂ ಅಚ್ಚು ಹಾಕಿಸಿ ಊರೂರಿನ ಗ್ರಂಥಾಲಯಗಳಿಗೆ ಹಂಚಿಸಿದ. 1855ರಲ್ಲಿ ಲಂಡನ್ನಿನಲ್ಲಿ ತೆರೆದ ಪೇಟೆಂಟ್ ಗ್ರಂಥಾಲಯಕ್ಕೆ ಯಾರು ಬೇಕಾದರೂ ಕಾಸಿಲ್ಲದೆ ಹೋಗಿ ಓದಬಹುದಿತ್ತು.

ಮರುವರ್ಷವೇ ಭಾರತದಲ್ಲಿಯೂ ಪೇಟೆಂಟ್ ಕಾನೂನು ಬಂತು. 1856ರ ಮಾರ್ಚ್ 3ರಂದು ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಸಲ್ಲಿಸಿದ ಮೊದಲ ಅರ್ಜಿ ಯಾವುದಕ್ಕೆ ಗೊತ್ತೆ? ಪಂಖಾ ಎಳೆಯುವ ಯಂತ್ರಕ್ಕೆ! ನಮ್ಮ ಬೇಸಗೆಯ ಸೆಕೆ ಇತಿಹಾಸವನ್ನೂ ಬಿಡಲಿಲ್ಲ.

ಈಗ ಆ ಸುರುಳಿಗಳ ಕೆಲಸ ಕಂಪ್ಯೂಟರಿನದಾಗಿದೆ. ಭಾರತದ ಪೇಟೆಂಟ್ ಕಚೇರಿಯ ದಾಖಲೆಗಳನ್ನು ಮನೆಯಲ್ಲೇ ಕುಳಿತು, ಶುಲ್ಕವಿಲ್ಲದೆ ಹುಡುಕಬಹುದು. ಹುಡುಕುವ ದಾರಿಗಳು ಮಾತ್ರ ಹಳೆಯವೇ: ಹೆಸರು, ಕಾಲ, ವಿಷಯ. ಇವುಗಳಲ್ಲಿ ವಿಷಯದ ದಾರಿಯೇ ಹೆಚ್ಚು ನಂಬಿಕೆಯದು. ಏಕೆಂದರೆ ಒಬ್ಬನು ಪಂಖಾ ಎಂದು ಬರೆದದ್ದನ್ನು ಇನ್ನೊಬ್ಬನು ಗಾಳಿ ಬೀಸುವ ಸಾಧನ ಎಂದು ಬರೆದಿರಬಹುದು. ಹೊಸದನ್ನು ಮಾಡಹೊರಟವರು ಮೊದಲು ಹಳೆಯದನ್ನು ಓದಲೆಂದೇ ವುಡ್‌ಕ್ರಾಫ್ಟ್ ಆ ಬೀಗವನ್ನು ತೆರೆದಿಟ್ಟದ್ದು.